ಹಳೆಯ ಸಿಗರೇಟು ಪ್ಯಾಕಿನ ಕಾರ್ಡುಗಳಲ್ಲಿ ರಾಜಕಾರಣಿಗಳ ಚಿತ್ರ ಯಾಕಿರುತ್ತಿತ್ತು?

ಸಿಗರೇಟು ಜಾಸ್ತಿ ಮಾರಾಟವಾಗಲಿ ಅಂತ. ಅವನ್ನು ಹಾಕುತ್ತಿದ್ದದ್ದು ತಂಬಾಕು ಕಂಪನಿಗಳೇ.

1880ರ ದಶಕದ ಅಮೆರಿಕದಲ್ಲಿ ಸಿಗರೇಟು ಬರುತ್ತಿದ್ದದ್ದು ತೆಳು ಕಾಗದದ ಪ್ಯಾಕಿನಲ್ಲಿ. ಜೇಬಿನಲ್ಲಿಟ್ಟರೆ ಮುರಿಯುತ್ತಿತ್ತು, ಅದಕ್ಕೇ ಒಳಗೊಂದು ಗಟ್ಟಿ ರಟ್ಟಿನ ತುಂಡು ಇಡುತ್ತಿದ್ದರು. ಹೇಗೂ ರಟ್ಟು ಇದೆಯಲ್ಲ, ಅದರ ಮೇಲೆ ಚಿತ್ರ ಅಚ್ಚು ಹಾಕಿದರೆ ಜನ ಕೂಡಿಡೋಕೆ ಶುರು ಮಾಡುತ್ತಾರೆ, ಸೆಟ್ ಪೂರ್ತಿ ಮಾಡೋಕೆ ಅದೇ ಕಂಪನಿಯ ಪ್ಯಾಕನ್ನು ಮತ್ತೆ ಮತ್ತೆ ಕೊಳ್ಳುತ್ತಾರೆ ಅನ್ನೋದು ಲೆಕ್ಕಾಚಾರ. ವರ್ಜೀನಿಯಾದ ಅಲೆನ್ ಆಂಡ್ ಗಿಂಟರ್ ಕಂಪನಿ 1889ರಲ್ಲಿ ಜಗತ್ತಿನ ದೊರೆಗಳ 50 ಕಾರ್ಡುಗಳ ಸೆಟ್ ತಂದಿತು. ಬಂದ ಚಿತ್ರವೇ ಮತ್ತೆ ಬರೋದೂ ಇರುತ್ತದಲ್ವಾ, ಹಾಗಾಗಿ 50 ಪ್ಯಾಕಿಗೆ ಕೆಲಸ ಮುಗಿಯುತ್ತಿರಲಿಲ್ಲ.

ನಟಿಯರು, ಬೇಸ್‌ಬಾಲ್ ಆಟಗಾರರ ಕಾರ್ಡುಗಳೂ ಇದ್ದವು. ಆದರೆ ನಾಯಕರ ಹೆಸರು ಎಲ್ಲರಿಗೂ ಗೊತ್ತು, ಮುಖ ನೋಡಿದವರು ಕಡಿಮೆ. ದಿನಪತ್ರಿಕೆಯಲ್ಲಿ ಬಣ್ಣದ ಚಿತ್ರ ಅಪರೂಪವಾಗಿದ್ದ ಕಾಲ. ಈ ಕಾರ್ಡುಗಳನ್ನೋ ಕಲ್ಲಚ್ಚಿನಲ್ಲಿ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ, ಗಡ್ಡದ ಎಳೆ, ಕೋಟಿನ ಪದಕ ಕಾಣುವ ಹಾಗೆ ಮುದ್ರಿಸುತ್ತಿದ್ದರು. ವೋಟು ಹಾಕುತ್ತಿದ್ದವರು ಹೆಚ್ಚಾಗಿ ಗಂಡಸರು, ಸಿಗರೇಟು ಕೊಳ್ಳುತ್ತಿದ್ದವರೂ ಅವರೇ.

ಇನ್ನೊಂದು ಕಾರಣ, ಯಾರನ್ನೂ ಅನುಮತಿ ಕೇಳಬೇಕಿರಲಿಲ್ಲ. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರ ಹೆಂಡತಿ ಫ್ರಾನ್ಸಿಸ್ ಮುಖವನ್ನು ಜಾಹೀರಾತುಗಳಲ್ಲಿ ಎಷ್ಟು ಬಳಸಿದರೆಂದರೆ, ಹೆಣ್ಣುಮಕ್ಕಳ ಚಿತ್ರವನ್ನು ಹೀಗೆ ಕೇಳದೆ ಬಳಸಬಾರದು ಅಂತ 1888ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಸೂದೆಯೇ ಬಂತು. ನ್ಯಾಯವಾದ ಬೇಡಿಕೆ, ಆದರೂ ಪಾಸಾಗಲಿಲ್ಲ.