ಫೆಡ್ ಬಡ್ಡಿ ಇಳಿಸುತ್ತದೆ ಅಂತ ರೊಬಸ್ಟಾ ಚೆರಿ ಈಗಲೇ ಕೊಟ್ಟುಬಿಡಬೇಕಾ?

ಅಣ್ಣಾ, ನಿನ್ನೆ ನೀವು ಕೇಳಿದ್ದು ಇಷ್ಟು: ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿ ಇಳಿಸುತ್ತದಂತೆ, ಡಾಲರ್ ಬಿದ್ದರೆ ಕಾಫಿ ರೇಟೂ ಬೀಳುತ್ತೆ, ಗೋಡೌನಿನಲ್ಲಿರುವ ಚೆರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೊದಲೇ ಮಾರಿಬಿಡಲಾ? ಇಬ್ಬರು ಆಗಲೇ ‘ಮಾರಿ’ ಅಂದಿದ್ದಾರೆ. ನನ್ನ ಮಾತು ಕೇಳುವುದಾದರೆ ಅಷ್ಟು ಆತುರ ಬೇಡ.

ರೊಬಸ್ಟಾ ತಳಿಯ ಕಾಫಿ ದರ ಹುಟ್ಟುವುದು ಲಂಡನ್ ಮಾರುಕಟ್ಟೆಯಲ್ಲಿ, ಟನ್ನಿಗೆ ಇಷ್ಟು ಡಾಲರ್ ಅಂತ. ಲೆಕ್ಕಕ್ಕೆ ಸುಲಭವಾಗಲಿ ಅಂತ ಟನ್ನಿಗೆ 4,000 ಡಾಲರ್, ಡಾಲರಿಗೆ 84 ರೂಪಾಯಿ ಎಂದಿಟ್ಟುಕೊಳ್ಳಿ. ಕ್ಲೀನ್ ಕಾಫಿ, ಅಂದರೆ ಸಿಪ್ಪೆ ತೆಗೆದ ಬೀಜ, ಕೆಜಿಗೆ 336 ರೂಪಾಯಿ ಆಯಿತು. 50 ಕೆಜಿ ಚೆರಿ ಮೂಟೆಗೆ 26 ಓಟಿ (ಔಟ್‌ಟರ್ನ್), ಅಂದರೆ 26 ಕೆಜಿ ಕ್ಲೀನ್ ಕಾಫಿ ಬಂದರೆ 8,736 ರೂಪಾಯಿ. ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನು ಮಾಡುವ ಖರ್ಚು), ಸಾಗಣೆ, ವ್ಯಾಪಾರಿಯ ಲಾಭ ಎಲ್ಲ ಇದರಲ್ಲೇ ಕಳೆಯಬೇಕು. ಈಗ ಡಾಲರ್ ಒಂದು ರೂಪಾಯಿ ಇಳಿದರೆ ಮೂಟೆಗೆ ಹೋಗುವುದು 104 ರೂಪಾಯಿ. ಲಂಡನ್ 100 ಡಾಲರ್ ಇಳಿದರೆ ಹೋಗುವುದು 218. ರೂಪಾಯಿ ಅಷ್ಟು ಸರಿಯಲು ಸಾಮಾನ್ಯವಾಗಿ ವಾರಗಳೇ ಬೇಕು, ಲಂಡನ್ ಮಾತ್ರ 100 ಡಾಲರನ್ನು ಒಂದೇ ದಿನದಲ್ಲಿ ಏರಿ ಇಳಿದದ್ದನ್ನು ಎಷ್ಟೋ ಸಲ ನೋಡಿದ್ದೇವೆ.

ಇದರಲ್ಲಿ ಕಾಫಿಯ ದೊಡ್ಡ ಬೆಳೆಗಾರ ದೇಶ ಬ್ರೆಜಿಲನ್ನು ನಾವು ಮರೆಯುತ್ತೇವೆ. ಫೆಡ್ ಬಡ್ಡಿ ಏರಿಸಿದರೆ ಜಗತ್ತಿನ ದುಡ್ಡು ಅಮೆರಿಕದ ಬಾಂಡಿಗೆ ವಾಪಸ್ಸು ಹರಿಯುತ್ತದೆ. ಆಗ ನಮ್ಮ ರೂಪಾಯಿಯಂತೆ ಅವರ ನಾಣ್ಯ ರಿಯಾಲ್ ಕೂಡ ಸೊರಗುವುದೇ ಹೆಚ್ಚು. ಅದೇ ಡಾಲರ್ ದರಕ್ಕೆ ಅಲ್ಲಿನ ಬೆಳೆಗಾರನ ಕೈಗೆ ಹೆಚ್ಚು ರಿಯಾಲ್ ಬರುವುದರಿಂದ ಅವನು ಧಾರಾಳವಾಗಿ ಮಾರುತ್ತಾನೆ, ಕಾಫಿಯ ಡಾಲರ್ ದರ ಕೆಳಗೆ ಜಗ್ಗುತ್ತದೆ. ಬಡ್ಡಿ ಇಳಿದಾಗ ಇದು ತಿರುಗುಮುರುಗು. ರೂಪಾಯಿಯಲ್ಲಿ ಕಳೆದುಕೊಂಡಿದ್ದರಲ್ಲಿ ಒಂದಿಷ್ಟು ಡಾಲರ್ ದರದಲ್ಲಿ ವಾಪಸ್ಸು ಬರಬಹುದು.

2022 ನೆನಪಿದೆಯಲ್ಲ? ಮಾರ್ಚ್‌ನಲ್ಲಿ ಫೆಡ್ ಏರಿಸಲು ಶುರುಮಾಡಿತು, 76ರ ಆಸುಪಾಸಿನಲ್ಲಿದ್ದ ಡಾಲರ್ ಅಕ್ಟೋಬರ್ ಹೊತ್ತಿಗೆ 83ಕ್ಕೆ ಬಂತು. ಆದರೆ ನ್ಯೂಯಾರ್ಕಿನಲ್ಲಿ ಪೌಂಡಿಗೆ 2 ಡಾಲರ್ ಮೇಲಿದ್ದ ಅರೇಬಿಕಾ (ಕಾಫಿಯ ಇನ್ನೊಂದು ತಳಿ) ವರ್ಷದ ಕೊನೆಗೆ 1.75ರ ಕೆಳಗಿತ್ತು. ಡಾಲರ್ ಏರಿದ ಖುಷಿಯನ್ನು ಅದೇ ನುಂಗಿತು. ಇನ್ನು 2024ರಲ್ಲಿ ಫೆಡ್ ಬಡ್ಡಿ 5.25–5.50ರ ತುದಿಯಲ್ಲಿ ಕೂತಿದ್ದಾಗಲೇ ರೊಬಸ್ಟಾ 5,000 ಡಾಲರ್ ದಾಟಿತು. ಕಾರಣ ರೊಬಸ್ಟಾ ಹೆಚ್ಚು ಬೆಳೆಯುವ ವಿಯೆಟ್ನಾಂನ ಬರ. ಮಳೆಯ ಮುಂದೆ ಬಡ್ಡಿ ಚಿಕ್ಕದು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. ಮಾರುಕಟ್ಟೆ ಬೆಚ್ಚುವುದು ನಿರೀಕ್ಷೆ ತಪ್ಪಿದಾಗ. 2013ರ ಮೇ 22ರಂದು ಆಗಿನ ಫೆಡ್ ಮುಖ್ಯಸ್ಥ ಬೆನ್ ಬರ್ನಾಂಕಿ ಬಡ್ಡಿ ಏರಿಸಲಿಲ್ಲ, ಮಾರುಕಟ್ಟೆಗೆ ದುಡ್ಡು ಹರಿಸುತ್ತಿದ್ದ ಬಾಂಡ್ ಖರೀದಿಯನ್ನು ಮುಂದಿನ ಕೆಲವು ಸಭೆಗಳಲ್ಲಿ ಕಡಿಮೆ ಮಾಡಬಹುದು ಎಂದರು, ಅಷ್ಟೇ. 55ರ ಸುತ್ತ ಇದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಡಿಸೆಂಬರಿನಲ್ಲಿ ಖರೀದಿ ಕಡಿತ ನಿಜವಾಗಿ ಘೋಷಣೆಯಾದಾಗ ಅದು 62ರ ಸುಮಾರಿನಲ್ಲೇ ನಿಂತಿತ್ತು. ಎಲ್ಲರೂ ಕಾಯುತ್ತಿದ್ದ ಸುದ್ದಿ ತಾನೇ. ನೀವು ಪೇಪರಿನಲ್ಲಿ ಓದಿದ ‘ಬಡ್ಡಿ ಇಳಿಕೆ’ಯೂ ಹಾಗೆಯೇ, ಇವತ್ತಿನ ದರದೊಳಗೆ ಆಗಲೇ ಸೇರಿರಬಹುದು.

ನಿಮಗೆ ನೇರ ಬಿಸಿ ತಟ್ಟುವುದು ನಿಮ್ಮದೇ ಸಾಲದಿಂದ. 3 ಲಕ್ಷದೊಳಗಿನ ಬೆಳೆಸಾಲವನ್ನು ಸಮಯಕ್ಕೆ ಕಟ್ಟಿದರೆ 4%ಗೆ ಬೀಳುತ್ತದೆ, ರಿಸರ್ವ್ ಬ್ಯಾಂಕ್ ಏನೇ ಮಾಡಲಿ ಅದಕ್ಕೆ ತಕ್ಷಣ ತೊಂದರೆಯಿಲ್ಲ. ಅದರ ಮೇಲಿನ ಸಾಲ ಬದಲಾಗುವ ಬಡ್ಡಿಯದ್ದಾಗಿದ್ದರೆ ಹಾಗಲ್ಲ. ರೆಪೊ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) 2022ರ ಮೇ ಶುರುವಿನಲ್ಲಿ 4% ಇದ್ದದ್ದು 2023ರ ಫೆಬ್ರವರಿಗೆ 6.5% ಆದಾಗ ನನ್ನ ಓವರ್‌ಡ್ರಾಫ್ಟ್ ಬಡ್ಡಿಯೂ ಬೆನ್ನಿಗೇ ಏರಿತು. 10 ಲಕ್ಷದ ಸಾಲಕ್ಕೆ 11% ಬಡ್ಡಿ ಅಂದರೆ ತಿಂಗಳಿಗೆ 9,000ಕ್ಕೂ ಮೇಲೆ. ದರ ಏರುತ್ತದೋ ಇಲ್ಲವೋ, ಈ ಖರ್ಚು ಮಾತ್ರ ಖಾತ್ರಿ.

ನಾನು ಮಾಡುವುದು ಹೀಗೆ. ಕೊಯ್ಲಿನ ಕೂಲಿ ಮತ್ತು ಹೆಚ್ಚು ಬಡ್ಡಿಯ ಸಾಲ ತೀರುವಷ್ಟು ಮೂಟೆ ಮೊದಲೇ ಕೊಡುತ್ತೇನೆ, ಯಾವ ದರವಿದ್ದರೂ ಸರಿ. ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಹೊತ್ತಿಗೆ ಡೀಸೆಲ್, ಗೊಬ್ಬರಕ್ಕೆಂದು ಇನ್ನಷ್ಟು. ಉಳಿದದ್ದನ್ನು ಎರಡು ಕಂತಿನಲ್ಲಿ ಮಾರುತ್ತೇನೆ, ಆಗ ನೋಡುವುದು ಬ್ರೆಜಿಲ್, ವಿಯೆಟ್ನಾಂನ ಮಳೆ ಸುದ್ದಿಯನ್ನು. ಫೆಡ್ ಸಭೆಯ ದಿನಾಂಕ ನೋಡಿ ಲಾರಿ ಕರೆಸುವುದಿಲ್ಲ.

ನಿಮ್ಮ ಹತ್ತಿರ ಎಷ್ಟು ಮೂಟೆ ಇದೆ, ಓಟಿ ಎಷ್ಟು ಬಂದಿದೆ, ಬ್ಯಾಂಕಿನ ಬಡ್ಡಿ ಎಷ್ಟು ಅಂತ ಇಲ್ಲೇ ಬರೆಯಿರಿ ಅಣ್ಣ, ನಿಮ್ಮ ಲೆಕ್ಕ ಸಂಜೆ ಹಾಕಿಕೊಡುತ್ತೇನೆ.