ಓದುಗರ ಪ್ರಶ್ನೆ, ನಮ್ಮ ಉತ್ತರ: ಹತ್ತು ಪ್ರಶಸ್ತಿಗಳ ತೂಕ ಎಷ್ಟು?

ಪ್ರಶ್ನೆ: ಮಾಟುಂಗದ ಕಾಲೇಜೊಂದರಲ್ಲಿ ಓದುತ್ತಿರುವ ನನ್ನ ಮಗನಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು. ಮಾರ್ಚ್ ಬಂತೆಂದರೆ ನಸುಕಿನಲ್ಲೆದ್ದು ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಪಂದ್ಯಾವಳಿಯನ್ನು ನೋಡುತ್ತಾನೆ. ಹತ್ತು ಬಾರಿ ಪ್ರಶಸ್ತಿ ಗೆದ್ದ ಜಾನ್ ವುಡನ್ ಅವರಿಗಿಂತ ದೊಡ್ಡ ಕೋಚ್ ಇಲ್ಲ ಎಂಬುದು ಅವನ ವಾದ. ಪುಣೆಯಲ್ಲಿರುವ ನನ್ನ ಭಾವಮೈದುನರು ಮಾತ್ರ ಐದು ಬಾರಿ ಗೆದ್ದ ಮೈಕ್ ಶಶೆಫ್ಸ್ಕಿ ಅವರೇ ಮೇಲು ಎನ್ನುತ್ತಾರೆ. ಐದಕ್ಕಿಂತ ಹತ್ತು ಹೆಚ್ಚಲ್ಲವೆ? — ಓದುಗರು, ಡೊಂಬಿವಲಿ

ಉತ್ತರ: ಹೆಚ್ಚೇ. ಆದರೆ ಆ ಹತ್ತು ಮತ್ತು ಈ ಐದು ಒಂದೇ ತಕ್ಕಡಿಯಲ್ಲಿ ತೂಗಿದವುಗಳಲ್ಲ.

ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಡೆಸುವ ಈ ಪಂದ್ಯಾವಳಿ 1939ರಲ್ಲಿ ಎಂಟು ತಂಡಗಳೊಂದಿಗೆ ಆರಂಭವಾಯಿತು. ಕೆಂಟಕಿ ತಂಡದ ಕೋಚ್ ಅಡಾಲ್ಫ್ ರಪ್ ತಮ್ಮ ನಾಲ್ಕು ಪ್ರಶಸ್ತಿಗಳಲ್ಲಿ ಮೊದಲಿನ ಎರಡನ್ನು ಗೆದ್ದ 1948 ಮತ್ತು 1949ರಲ್ಲಿಯೂ ಕಣದಲ್ಲಿದ್ದದ್ದು ಎಂಟೇ ತಂಡ, ಅಂದರೆ ಮೂರು ಪಂದ್ಯ ಗೆದ್ದರೆ ಕಪ್ ಕೈಗೆ ಬರುತ್ತಿತ್ತು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತಂಡಕ್ಕೆ ವುಡನ್ 1964ರಿಂದ 1973ರೊಳಗೆ ಒಂಬತ್ತು ಪ್ರಶಸ್ತಿಗಳನ್ನು ತಂದುಕೊಟ್ಟಾಗ ಪ್ರತಿ ಸಲ ಗೆಲ್ಲಬೇಕಿದ್ದದ್ದು ನಾಲ್ಕು ಪಂದ್ಯಗಳನ್ನು, 1975ರ ಹತ್ತನೆಯದಕ್ಕೆ ಐದನ್ನು. ಒಂದು ಲೀಗ್‌ನಿಂದ, ಅಂದರೆ ಋತುವಿಡೀ ತಮ್ಮೊಳಗೆ ಆಡುವ ಕಾಲೇಜುಗಳ ಗುಂಪಿನಿಂದ, ಒಂದಕ್ಕಿಂತ ಹೆಚ್ಚು ತಂಡಗಳಿಗೆ ಪ್ರವೇಶ ದೊರೆತದ್ದೂ 1975ರಲ್ಲಿಯೇ. ಅದಕ್ಕೆ ಮುಂಚೆ ದೇಶದ ಎರಡನೆಯ ಅತ್ಯುತ್ತಮ ತಂಡವೂ ತನ್ನ ಲೀಗ್‌ನಲ್ಲಿ ಎರಡನೆಯದಾದರೆ ಮನೆಯಲ್ಲೇ ಕೂರಬೇಕಿತ್ತು. 1985ರಲ್ಲಿ ತಂಡಗಳ ಸಂಖ್ಯೆ 64ಕ್ಕೆ ಏರಿತು, 2011ರಿಂದ 68 ಆಯಿತು. ಈಗ ಚಾಂಪಿಯನ್ ಆಗಬೇಕಾದರೆ ಒಂದನ್ನೂ ಸೋಲದೆ ಕನಿಷ್ಠ ಆರು ಪಂದ್ಯ ಗೆಲ್ಲಬೇಕು.

ನಾಲ್ಕು ಮತ್ತು ಆರರ ನಡುವಿನ ಅಂತರ ಕಣ್ಣಿಗೆ ಚಿಕ್ಕದಾಗಿ ಕಂಡರೂ ಲೆಕ್ಕ ಹಾಕಿದಾಗ ಹಾಗಿರುವುದಿಲ್ಲ. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಶೇ 80ರಷ್ಟಿರುವ ಬಲಾಢ್ಯ ತಂಡವೊಂದನ್ನು ಊಹಿಸಿಕೊಳ್ಳಿ. ಅದು ನಾಲ್ಕನ್ನೂ ಗೆಲ್ಲುವ ಸಾಧ್ಯತೆ ಸುಮಾರು ಶೇ 41, ಆರನ್ನೂ ಗೆಲ್ಲುವ ಸಾಧ್ಯತೆ ಶೇ 26 ಮಾತ್ರ. ಅಂದರೆ ಅದೇ ತಂಡ, ಅದೇ ಕೋಚ್, ಅದೇ ದುಡಿಮೆ ಇದ್ದರೂ ಇಂದಿನ ಪದ್ಧತಿಯಲ್ಲಿ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಹಾಗೆಂದು ವುಡನ್ ಅವರದು ಅಗ್ಗದ ಗೆಲುವು ಎಂದು ನಿಮ್ಮ ಭಾವಮೈದುನರು ಹೇಳಿದರೆ ಅದನ್ನು ನಾನು ಒಪ್ಪುವುದಿಲ್ಲ. 1967ರಿಂದ 1973ರವರೆಗೆ ಸತತ ಏಳು ವರ್ಷ ಕಪ್ ಗೆಲ್ಲುವುದು, ನಡುವೆ 88 ಪಂದ್ಯಗಳನ್ನು ಒಂದೂ ಸೋಲದೆ ಮುಗಿಸುವುದು ಯಾವ ಪದ್ಧತಿಯಲ್ಲೂ ಸುಲಭದ ಮಾತಲ್ಲ. ಆಲ್ಸಿಂಡರ್, ವಾಲ್ಟನ್ ಅವರಂಥ ದೈತ್ಯ ಆಟಗಾರರಿದ್ದರು, ಯಾರಾದರೂ ಗೆಲ್ಲುತ್ತಿದ್ದರು ಎಂಬ ಮಾತೂ ಪೂರ್ತಿ ಸರಿಯಲ್ಲ. 1964ರಲ್ಲಿ ಮೂವತ್ತಕ್ಕೆ ಮೂವತ್ತೂ ಪಂದ್ಯ ಗೆದ್ದ ಅವರ ತಂಡದ ಮೊದಲ ಐವರಲ್ಲಿ ಆರಡಿ ಐದಂಗುಲಕ್ಕಿಂತ ಎತ್ತರದವರು ಯಾರೂ ಇರಲಿಲ್ಲ. ಋತುವಿನ ಮೊದಲ ದಿನ ಅವರು ಆಟಗಾರರಿಗೆ ಕಲಿಸುತ್ತಿದ್ದದ್ದು ಕಾಲುಚೀಲ ಹಾಕಿಕೊಳ್ಳುವುದನ್ನು. ಹಿಮ್ಮಡಿಯ ಹತ್ತಿರ, ಕಿರುಬೆರಳ ಹತ್ತಿರ ಎಲ್ಲೂ ಸುಕ್ಕು ಉಳಿಯಬಾರದು, ಬಳಿಕ ಶೂ ಲೇಸನ್ನು ಒಂದೊಂದು ರಂಧ್ರದಿಂದಲೂ ಬಿಗಿದು ಕಟ್ಟಬೇಕು. ಏಕೆಂದರೆ ಸುಕ್ಕಿನಿಂದ ಬೊಕ್ಕೆ ಏಳುತ್ತದೆ, ಬೊಕ್ಕೆಯೆದ್ದವನು ಆಡಲಾರ. ಇಷ್ಟಾಗಿಯೂ 1948ರಲ್ಲಿ ಯುಸಿಎಲ್‌ಎಗೆ ಬಂದ ಅವರಿಗೆ ಮೊದಲ ಪ್ರಶಸ್ತಿ ದೊರೆತದ್ದು ಹದಿನಾರನೆಯ ಋತುವಿನಲ್ಲಿ. ನಮ್ಮ ಯಾವ ಕಾಲೇಜಿನ ಆಡಳಿತ ಮಂಡಳಿ ಅಷ್ಟು ವರ್ಷ ಕಾದೀತು?

ಶಶೆಫ್ಸ್ಕಿ ಅವರ ಕಥೆಯೂ ಹೀಗೆಯೇ. ಅವರ ತಂಡವಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೊದಲ ಮೂರು ಋತುಗಳಲ್ಲಿ 38 ಗೆಲುವು, 47 ಸೋಲು. 1990ರ ಫೈನಲ್‌ನಲ್ಲಿ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ತಂಡದ ಎದುರು 103-73ರಿಂದ, ಅಂದರೆ ಮೂವತ್ತು ಅಂಕಗಳಿಂದ ನೆಲಕಚ್ಚಿದರು. ಮರುವರ್ಷ ಅದೇ ತಂಡ ಅಜೇಯವಾಗಿ ಸೆಮಿಫೈನಲ್‌ಗೆ ಬಂದಾಗ 79-77ರಿಂದ ಮಣಿಸಿ ತಮ್ಮ ಮೊದಲ ಪ್ರಶಸ್ತಿಗೆ ದಾರಿ ಮಾಡಿಕೊಂಡರು. 2014ರಲ್ಲಿ ಮರ್ಸರ್ ಎಂಬ ಹದಿನಾಲ್ಕನೆಯ ಶ್ರೇಯಾಂಕದ (ತಂಡಗಳನ್ನು ನಾಲ್ಕು ವಿಭಾಗ ಮಾಡಿ ಪ್ರತಿ ವಿಭಾಗದಲ್ಲೂ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ ಕೊಡುತ್ತಾರೆ, ಹದಿನಾರು ಎಂದರೆ ಅತಿ ದುರ್ಬಲ) ತಂಡಕ್ಕೆ ಸೋತು ಮೊದಲ ಪಂದ್ಯದಲ್ಲೇ ಗಂಟುಮೂಟೆ ಕಟ್ಟಿದ ಅವರು 2015ರಲ್ಲಿ ಮತ್ತೆ ಚಾಂಪಿಯನ್. ಅವರ ಐದು ಕಪ್‌ಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಈ ಪಂದ್ಯಾವಳಿಯಲ್ಲಿ ಅವರು ಗೆದ್ದ 101 ಪಂದ್ಯಗಳು ಮತ್ತು ಹದಿಮೂರು ಬಾರಿ ಕೊನೆಯ ನಾಲ್ವರಲ್ಲಿ ಒಬ್ಬರಾದದ್ದು. ಕಪ್ಪಿನಲ್ಲಿ ಅದೃಷ್ಟಕ್ಕೂ ಪಾಲಿರುತ್ತದೆ. ಹದಿಮೂರು ಬಾರಿ ಸೆಮಿಫೈನಲ್ ತಲುಪುವುದರಲ್ಲಿ ಆ ಪಾಲು ತೀರ ಕಡಿಮೆ.

ಅದೃಷ್ಟದ ಪಾಲು ಎಷ್ಟೆಂದು ನೋಡಬೇಕಾದರೆ ನಿಮ್ಮ ಮಗನಿಗೆ 2019ರ ಸೆಮಿಫೈನಲ್ ತೋರಿಸಲು ಹೇಳಿ. ವರ್ಜೀನಿಯ ತಂಡ ಆಬರ್ನ್‌ಗಿಂತ 60-62ರಿಂದ ಹಿಂದಿತ್ತು. ಗಡಿಯಾರದಲ್ಲಿ ಉಳಿದದ್ದು 0.6 ಸೆಕೆಂಡ್. ಮೂರಂಕದ ಎಸೆತದ ವೇಳೆ ಫೌಲ್ ಆದದ್ದರಿಂದ ಕೈಲ್ ಗೈ ಅವರಿಗೆ ಮೂರು ಫ್ರೀ ಥ್ರೋ, ಅಂದರೆ ಯಾರೂ ತಡೆಯದ ಒಂದೊಂದು ಅಂಕದ ಎಸೆತ, ಸಿಕ್ಕವು, ಮೂರನ್ನೂ ಹಾಕಿದರು, 63-62. ಎರಡು ದಿನಗಳ ನಂತರ ಟೋನಿ ಬೆನೆಟ್ ಚಾಂಪಿಯನ್ ತಂಡದ ಕೋಚ್. ಅದೇ ಬೆನೆಟ್ ಹಿಂದಿನ ವರ್ಷ, ಪುರುಷರ ಪಂದ್ಯಾವಳಿಯ ಚರಿತ್ರೆಯಲ್ಲಿ ಹದಿನಾರನೆಯ ಶ್ರೇಯಾಂಕದ ತಂಡಕ್ಕೆ ಸೋತ ಮೊದಲ ಅಗ್ರ ಶ್ರೇಯಾಂಕದ ತಂಡದ ಕೋಚ್ ಆಗಿದ್ದರು. ಹನ್ನೆರಡು ತಿಂಗಳಲ್ಲಿ ಮನುಷ್ಯ ಅಷ್ಟೊಂದು ಬದಲಾಗುವುದಿಲ್ಲ. ಹಿಂದೊಮ್ಮೆ ಮಾಟುಂಗದಲ್ಲಿ ಅಂತರ ಕಾಲೇಜು ಪಂದ್ಯವೊಂದಕ್ಕೆ ನಾನು ಸ್ಕೋರ್ ಬರೆಯಲು ಕುಳಿತಿದ್ದಾಗ, ಕೊನೆಯ ಫ್ರೀ ಥ್ರೋ ರಿಂಗಿನ ಅಂಚಿಗೆ ತಗುಲಿ ಹೊರಬಿದ್ದ ಕೂಡಲೇ ಹಿಂದಿನ ಸಾಲಿನಿಂದ ಕೇಳಿಬಂದದ್ದು ಕೋಚ್‌ಗೆ ಬೈಗುಳ. ಚೆಂಡು ಒಳಬಿದ್ದಿದ್ದರೆ ಆತನನ್ನು ಹೆಗಲ ಮೇಲೆ ಹೊರುತ್ತಿದ್ದವರೂ ಅವರೇ.

ಪ್ರಶ್ನೆ: ಒಮ್ಮೆಯೂ ಕಪ್ ಗೆಲ್ಲದ ಕೋಚ್‌ರನ್ನು ಯಶಸ್ವಿ ಎನ್ನಬಹುದೆ? — ವಿದ್ಯಾರ್ಥಿನಿ, ಪುಣೆ

ಉತ್ತರ: ಧಾರಾಳವಾಗಿ ಎನ್ನಬಹುದು. ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಎಂಬ ಊರಿನಲ್ಲಿರುವ ಗಾನ್‌ಜಾಗ, ನಮ್ಮ ಸೇಂಟ್ ಝೇವಿಯರ್ಸ್‌ನಂತೆ, ಜೆಸ್ಯುಯಿಟ್ ಪಾದ್ರಿಗಳು ಕಟ್ಟಿದ ಸಂಸ್ಥೆ; ದೊಡ್ಡದೇನಲ್ಲ. ಮಾರ್ಕ್ ಫ್ಯೂ ಅಲ್ಲಿ 1999ರಲ್ಲಿ ಮುಖ್ಯ ಕೋಚ್ ಆದ ಮೇಲೆ 2025ರವರೆಗೆ ನಡೆದ ಒಂದು ಪಂದ್ಯಾವಳಿಯನ್ನೂ ಆ ತಂಡ ತಪ್ಪಿಸಿಕೊಂಡಿಲ್ಲ. 2015ರಿಂದ 2024ರವರೆಗೆ, ಕೋವಿಡ್‌ನಿಂದ ರದ್ದಾದ 2020ನ್ನು ಬಿಟ್ಟು, ಸತತ ಒಂಬತ್ತು ಬಾರಿ ಕೊನೆಯ ಹದಿನಾರರ ಹಂತ ಮುಟ್ಟಿತು. 2021ರಲ್ಲಿ 31 ಪಂದ್ಯ ಆಡಿ 31ನ್ನೂ ಗೆದ್ದು ಫೈನಲ್‌ಗೆ ಬಂದು, ಬೇಲರ್ ಎದುರು 70-86ರಿಂದ ಸೋತಿತು. ಆ ಒಂದು ರಾತ್ರಿಗಾಗಿ ಉಳಿದ ವರ್ಷಗಳನ್ನು ಅಳಿಸಿಹಾಕುವುದು ನ್ಯಾಯವಲ್ಲ.

ಕಪ್ ಎಣಿಸುವುದಕ್ಕಿಂತ ಒಳ್ಳೆಯ ಅಳತೆಯೂ ಉಂಟು. ಸಂಘಟಕರು ತಂಡಗಳಿಗೆ ಶ್ರೇಯಾಂಕ ಕೊಟ್ಟೇ ಆಡಿಸುತ್ತಾರೆ. ಆ ಶ್ರೇಯಾಂಕದ ತಂಡಗಳು ಈವರೆಗೆ ಸರಾಸರಿ ಎಷ್ಟು ಪಂದ್ಯ ಗೆದ್ದಿವೆಯೋ ಅದಕ್ಕಿಂತ ಹೆಚ್ಚು ಗೆಲ್ಲಿಸಿದ ಕೋಚ್ ಮಾರ್ಚ್‌ನಲ್ಲಿ ನಿಜವಾಗಿ ಪಳಗಿದವರು. ಎಂಟನೆಯ ಶ್ರೇಯಾಂಕದ ವಿಲನೋವವನ್ನು 1985ರಲ್ಲಿ ಚಾಂಪಿಯನ್ ಮಾಡಿದ ರಾಲಿ ಮಾಸಿಮಿನೊ ಈ ಅಳತೆಯಲ್ಲಿ ಥಟ್ಟನೆ ಮೇಲೇರುತ್ತಾರೆ. ಗೆಲುವಿನ ಅಂತರವನ್ನೂ ನೋಡಬೇಕು: ಡ್ಯಾನ್ ಹರ್ಲಿ ಅವರ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ತಂಡ 2023 ಮತ್ತು 2024ರ ಪ್ರಶಸ್ತಿಗಳಿಗಾಗಿ ಆಡಿದ ಹನ್ನೆರಡೂ ಪಂದ್ಯಗಳನ್ನು ಹತ್ತು ಅಂಕಗಳಿಗಿಂತ ಹೆಚ್ಚಿನ ಅಂತರದಲ್ಲಿ ಗೆದ್ದಿತು. ಅಲ್ಲಿ ಅದೃಷ್ಟಕ್ಕೆ ಕೆಲಸವೇ ಇರಲಿಲ್ಲ.

ಪ್ರಶ್ನೆ: ಹೆಣ್ಣುಮಕ್ಕಳ ಪಂದ್ಯಾವಳಿಯ ಕೋಚ್‌ಗಳ ಹೆಸರನ್ನು ಯಾರೂ ಎತ್ತುವುದಿಲ್ಲವೇಕೆ? — ಗೃಹಿಣಿ, ಘಾಟ್ಕೋಪರ್

ಉತ್ತರ: ಎತ್ತದಿರುವುದು ತಪ್ಪು. ಹತ್ತು ಎಂಬ ಅಂಕಿಯನ್ನು ದಾಟಿದವರು ಅಲ್ಲಿಯೇ ಇದ್ದಾರೆ. ಯುಕಾನ್ ಮಹಿಳಾ ತಂಡದ ಜೀನೊ ಆರಿಯೆಮ್ಮ 1995ರಿಂದ 2025ರವರೆಗೆ ಹನ್ನೆರಡು ಪ್ರಶಸ್ತಿ ಗೆದ್ದಿದ್ದಾರೆ. ಟೆನ್ನೆಸ್ಸಿಯ ಪ್ಯಾಟ್ ಸಮಿಟ್ ಎಂಟು ಗೆದ್ದಿದ್ದರು. ಅಲ್ಲಿ ಒಳ್ಳೆಯ ಆಟಗಾರ್ತಿಯರು ಬಹುಕಾಲ ಕೆಲವೇ ಕಾಲೇಜುಗಳಲ್ಲಿ ಸೇರಿಕೊಂಡಿದ್ದರಿಂದ ಬಲಾಢ್ಯರಿಗೆ ಆರು ಪಂದ್ಯಗಳ ದಾರಿ ತುಸು ಸಲೀಸಾಗಿತ್ತು ಎಂಬುದು ನಿಜ. ಆದರೂ 111 ಪಂದ್ಯಗಳನ್ನು ಸತತವಾಗಿ ಗೆದ್ದಿದ್ದ ಆರಿಯೆಮ್ಮ ಅವರ ತಂಡ 2017ರ ಸೆಮಿಫೈನಲ್‌ನಲ್ಲಿ ಮಿಸಿಸಿಪಿ ಸ್ಟೇಟ್ ಎದುರು, ಹೆಚ್ಚುವರಿ ಅವಧಿಯ ಕೊನೆಯ ಗಂಟೆ ಬಾರಿಸುವಾಗ ಬಿದ್ದ ಒಂದು ಎಸೆತದಿಂದ, 64-66ರಲ್ಲಿ ಸೋತು ಹೊರಬಿತ್ತು. ಎಸೆದ ಮಾರ್ಗನ್ ವಿಲಿಯಂ ಅವರ ಎತ್ತರ ಐದಡಿ ಐದಂಗುಲ.