ಯಾವ ಕಡೆ ಯಾವ ಹಳೆ ವಾಷಿಂಗ್ ಮಷೀನ್ ಸಿಗತ್ತೆ, ಮೊದಲನೇದು ಯಾವುದು ತಗೋಬೇಕು

ನಮಸ್ಕಾರ ಸರ್, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅಮೆರಿಕದ ಅಯೋವಾ, ಇಲಿನಾಯ್ ಕಡೆ ಹಳೆ ಸಾಮಾನಿನ ಹರಾಜಿಗೆ ಹೋದ್ರೆ ಎಲ್ಲಿ ನೋಡಿದ್ರೂ ಮೇಟ್ಯಾಗ್, ಒಹಾಯೋ ಕಡೆ ಬಂದ್ರೆ ಫ್ರಿಜಿಡೇರ್ ಕಣ್ಣಿಗೆ ಬೀಳತ್ತೆ, ಕೆನ್‌ಮೋರ್ ಮಾತ್ರ ಎಲ್ಲಾ ಕಡೆ ಇದೆ, ಅದರಲ್ಲಿ ಒಂದನ್ನ ಹರಾಜಲ್ಲಿ ನೋಡಿಟ್ಟಿದ್ದೀನಿ, ಹಾಗಾದ್ರೆ ಆ ಕಾಲದ ಜನ ಒಂದೊಂದು ಪ್ರದೇಶದಲ್ಲಿ ಒಂದೊಂದು ಬ್ರ್ಯಾಂಡ್ ಒಳ್ಳೇದು ಅಂತ ನಂಬಿದ್ರಾ, ನಾನು ಮೊದಲನೇ ಮಷೀನ್ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರ. ನನಗೆ ಅನ್ಸೋದು ಇಷ್ಟು: ಮಷೀನ್ ಒಳಗೆ ಏನಿದೆ ಅಂತ ನೋಡಿ ತಗೊಂಡವರು ಕಡಿಮೆ, ಹತ್ತಿರದಲ್ಲಿ ಯಾರ ಅಂಗಡಿ ಇತ್ತು, ಕೆಟ್ರೆ ಯಾರು ಬಂದು ನೋಡ್ತಿದ್ರು, ಮನೆಗೆ ಕರೆಂಟ್ ಬಂದಿತ್ತಾ ಇಲ್ವಾ, ಇದರ ಮೇಲೇ ಬ್ರ್ಯಾಂಡ್ ನಿರ್ಧಾರ ಆಗಿದ್ದು. ಈಗ ಹಳೆ ಮಷೀನ್ ಕೊಳ್ಳೋವಾಗ ನೀವೂ ಅದೇ ಲೆಕ್ಕ ಹಾಕ್ಬೇಕು, ಯಾಕಂದ್ರೆ ಎಲ್ಲಿ ಜಾಸ್ತಿ ಮಾರಾಟ ಆಗಿತ್ತೋ ಅಲ್ಲೇ ಇವತ್ತಿಗೂ ಬಿಡಿಭಾಗ ಕಿತ್ಕೊಳ್ಳೋಕೆ ಎರಡನೇ ಮಷೀನ್ ಸಿಗೋದು.

ಮೇಟ್ಯಾಗ್ ಕಥೆಯಿಂದ ಶುರು ಮಾಡ್ತೀನಿ, ಅದು ಅರ್ಥ ಆದ್ರೆ ಉಳಿದಿದ್ದು ಸುಲಭ. ಅಯೋವಾದ ನ್ಯೂಟನ್ ಅನ್ನೋ ಸಣ್ಣ ಊರಲ್ಲಿ 1893ರಲ್ಲಿ ಶುರುವಾದ ಕಂಪನಿ ಅದು, ಮೊದಲು ಮಾಡ್ತಿದ್ದಿದ್ದು ಒಕ್ಕಣೆ ಯಂತ್ರದ ಸಾಮಾನು. ಕೃಷಿ ಸಾಮಾನಿಗೆ ವರ್ಷದಲ್ಲಿ ಕೆಲವೇ ತಿಂಗಳು ಗಿರಾಕಿ, ಉಳಿದ ತಿಂಗಳು ಕಾರ್ಖಾನೆ ಖಾಲಿ, ಆ ಖಾಲಿ ತುಂಬಿಸೋಕೆ ಅಂತ 1907ರಲ್ಲಿ ಬಟ್ಟೆ ಒಗೆಯೋ ಯಂತ್ರ ಮಾಡಿದ್ರು. ಅಂದ್ರೆ ರೈತರ ಪರಿಚಯ, ರೈತರಿಗೆ ಸಾಮಾನು ಮಾರೋ ಅಂಗಡಿಗಳ ಪರಿಚಯ ಅವರಿಗೆ ಮೊದಲೇ ಇತ್ತು. ಆಮೇಲೆ 1915ರ ಹೊತ್ತಿಗೆ ಮಲ್ಟಿ ಮೋಟಾರ್ ಅಂತ ಪುಟ್ಟ ಪೆಟ್ರೋಲ್ ಎಂಜಿನ್ ತಂದ್ರು, ತೊಟ್ಟಿ ಕೆಳಗೆ ಕೂತಿರತ್ತೆ, ಬೈಕಿಗೆ ಕಿಕ್ ಹೊಡೆದ ಹಾಗೆ ಕಾಲಲ್ಲಿ ತುಳಿದು ಸ್ಟಾರ್ಟ್ ಮಾಡೋದು. ಇದು ಎಷ್ಟು ದೊಡ್ಡ ವಿಷಯ ಅಂದ್ರೆ 1930ರ ದಶಕದ ನಡುವಿನಲ್ಲೂ ಅಮೆರಿಕದ ಹತ್ತು ರೈತರ ಮನೆಗಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಮಾತ್ರ ಕರೆಂಟ್ ಇತ್ತು, ಹಳ್ಳಿಗೆ ಲೈನ್ ಎಳೆಯೋಕೆ ಸರ್ಕಾರ ಇಲಾಖೆ ಮಾಡಿದ್ದೇ 1935ರಲ್ಲಿ. ಕರೆಂಟ್ ಇಲ್ಲದ ಮನೆಗೆ ನಡೆಯೋ ಮಷೀನ್ ಯಾರು ಕೊಟ್ರೋ ಆ ಹೆಸರೇ ಆ ಮನೇಲಿ ಉಳೀತು. ಮುಂದೆ ಲೈನ್ ಬಂದಾಗ ಎಂಜಿನ್ ಬಿಚ್ಚಿ ಅದೇ ಜಾಗಕ್ಕೆ ಕರೆಂಟ್ ಮೋಟಾರ್ ಕೂರಿಸಿದ್ರಾಯ್ತು, ಹೊಸ ಮಷೀನ್ ಬೇಕಾಗಿರಲಿಲ್ಲ. ಮಷೀನೂ ಗಟ್ಟಿ, ಅದರಲ್ಲಿ ಅನುಮಾನ ಇಲ್ಲ, ತೊಟ್ಟಿ ಎರಕದ ಅಲ್ಯೂಮಿನಿಯಂ, ತುಕ್ಕು ಹಿಡಿಯೋದಿಲ್ಲ, 1922ರಲ್ಲಿ ಬಂದ ಜೈರಾಫೋಮ್ ಮಾಡೆಲ್‌ನಲ್ಲಿ ಅಜಿಟೇಟರನ್ನ (ಬಟ್ಟೆ ಕಲಕೋ ರೆಕ್ಕೆ) ತೊಟ್ಟಿಯ ತಳದಲ್ಲಿ ಇಟ್ಟು ನೀರನ್ನೇ ಬಟ್ಟೆ ಮೂಲಕ ತಳ್ಳೋ ಹಾಗೆ ಮಾಡಿದ್ರು. ಎರಡು ರಬ್ಬರ್ ರೋಲರ್ ಮಧ್ಯೆ ಬಟ್ಟೆ ಹಿಂಡೋ ಈ ರಿಂಗರ್ ಮಷೀನನ್ನ ಮೇಟ್ಯಾಗ್‌ನವರು 1983ರ ತನಕ ಮಾಡ್ತಾನೇ ಇದ್ರು! ಅಲ್ಲಿನ ಆಮಿಷ್ ಜನ, ಅಂದ್ರೆ ಹಳೆ ಪದ್ಧತಿಯಲ್ಲೇ ಬದುಕೋ ಕ್ರೈಸ್ತ ಪಂಗಡದವರು, ಸಾರ್ವಜನಿಕ ಕರೆಂಟ್ ಲೈನ್ ಬಳಸೋದಿಲ್ಲ, ಅವರಲ್ಲಿ ಎಷ್ಟೋ ಮನೇಲಿ ರಿಂಗರ್ ಮಷೀನ್ ಈಗಲೂ ಎಂಜಿನ್ ಮೇಲೆ ಓಡ್ತಾ ಇದೆ, ಹಾಗಾಗಿ ಅವರಿರೋ ಕಡೆ ರೋಲರ್, ಬುಷ್ ಇಂಥ ಸಾಮಾನು ವಿಚಾರಿಸೋದು ಒಳ್ಳೇದು.

ಇನ್ನೊಂದು ವಿಷಯ, ಆ ಜೋಳ ಬೆಳೆಯೋ ಸೀಮೆ ಪೂರ್ತಿ ವಾಷಿಂಗ್ ಮಷೀನ್ ಸೀಮೆನೇ ಆಗಿತ್ತು. ನ್ಯೂಟನ್‌ನಲ್ಲೇ ಒನ್ ಮಿನಿಟ್ ಅನ್ನೋ ಕಂಪನಿ, ಅಯೋವಾದ ಫೇರ್‌ಫೀಲ್ಡ್‌ನಲ್ಲಿ ಡೆಕ್ಸ್‌ಟರ್, ಇಲಿನಾಯ್‌ನ ಪಿಯೋರಿಯಾದಲ್ಲಿ ಎಬಿಸಿ, ವಿಸ್ಕಾನ್ಸಿನ್‌ನ ರಿಪನ್‌ನಲ್ಲಿ ಸ್ಪೀಡ್ ಕ್ವೀನ್. ಇವುಗಳಲ್ಲಿ ಎಬಿಸಿ, ಒನ್ ಮಿನಿಟ್ ಹೆಸರು ದೂರದ ಸಂಗ್ರಹಕಾರರು ಎಷ್ಟೋ ಜನ ಕೇಳೇ ಇಲ್ಲ, ಆ ಕಡೆಯ ಕೊಟ್ಟಿಗೆಗಳಲ್ಲಿ ಮಾತ್ರ ಸಿಗತ್ತೆ, ಕಂಡ್ರೆ ದಯವಿಟ್ಟು ಗುಜರಿಗೆ ಹೋಗೋಕೆ ಬಿಡಬೇಡಿ.

ಕೆನ್‌ಮೋರ್ ಎಲ್ಲಾ ಕಡೆ ಯಾಕಿದೆ ಅಂದ್ರೆ ಅದು ಊರಿಗೆ ಸೇರಿದ್ದೇ ಅಲ್ಲ, ಕ್ಯಾಟಲಾಗಿಗೆ ಸೇರಿದ್ದು, ಅಂದ್ರೆ ಅಂಚೆ ಮೂಲಕ ಸಾಮಾನು ಮಾರ್ತಿದ್ದ ಸಿಯರ್ಸ್ ಅನ್ನೋ ದೊಡ್ಡ ಕಂಪನಿಯ ಬ್ರ್ಯಾಂಡ್. ಸಿಯರ್ಸ್‌ನವರ ಕ್ಯಾಟಲಾಗ್ ಅಂಚೆ ಹೋಗೋ ಕಡೆಗೆಲ್ಲಾ ಹೋಗ್ತಿತ್ತು, ಮಷೀನ್ ರೈಲಲ್ಲಿ ಬರ್ತಿತ್ತು, ಕಂತಿನಲ್ಲಿ ದುಡ್ಡು ಕಟ್ಟಬಹುದಿತ್ತು. ಮಾಡ್ತಿದ್ದವರು ಬೇರೆ, ಮಿಶಿಗನ್‌ನ ಸೇಂಟ್ ಜೋಸೆಫ್‌ನಲ್ಲಿ 1911ರಲ್ಲಿ ಶುರುವಾದ ಅಪ್ಟನ್ ಕಂಪನಿ, ಅದೇ ಮುಂದೆ 1950ರಲ್ಲಿ ವರ್ಲ್‌ಪೂಲ್ ಅಂತ ಹೆಸರು ಬದಲಾಯಿಸಿಕೊಂಡಿದ್ದು. ಇದು ಕೊಳ್ಳೋರಿಗೆ ತುಂಬಾ ಉಪಯೋಗದ ಮಾತು: ಕೆನ್‌ಮೋರ್ ಮಾಡೆಲ್ ನಂಬರ್ 110 ಅಂತ ಶುರುವಾಗಿ ಚುಕ್ಕಿ ಇದ್ರೆ ಅದು ವರ್ಲ್‌ಪೂಲ್ ಮಾಡಿದ ಮಷೀನ್, ಮೇಲಿನ ಪ್ಯಾನೆಲ್, ನಾಬ್ ಬೇರೆ ಇರಬಹುದು, ಒಳಗಿನ ಬೆಲ್ಟ್, ಪಂಪ್, ಗೇರ್‌ಬಾಕ್ಸ್ ಬಹುಪಾಲು ಒಂದೇ. ಅಂದ್ರೆ ನಿಮ್ಮ ಕಡೆ ಕೆನ್‌ಮೋರ್ ಇಲ್ಲದೆ ಬರೀ ವರ್ಲ್‌ಪೂಲ್ ಗುಜರಿಗೆ ಬಂದ್ರೂ ನಿಮ್ಮ ಕೆಲಸ ಆಗತ್ತೆ. ಇದೇ ಥರ ಮಾಂಟ್ಗೊಮರಿ ವಾರ್ಡ್ ಕ್ಯಾಟಲಾಗಿನ ಸಿಗ್ನೇಚರ್ ಮಷೀನುಗಳಲ್ಲಿ ತುಂಬಾ ಸಲ ಒಳಗಿರೋದು ನಾರ್ಜ್ ಕಂಪನಿಯ ಮಷೀನ್.

ಇನ್ನು ಕಾರ್ಖಾನೆ ಊರುಗಳು. ಫ್ರಿಜಿಡೇರ್ ಜನರಲ್ ಮೋಟಾರ್ಸ್‌ನ (ಕಾರು ಮಾಡೋ ಜಿಎಂ ಕಂಪನಿ) ವಿಭಾಗ ಆಗಿತ್ತು, ಕಾರ್ಖಾನೆ ಒಹಾಯೋದ ಡೇಟನ್. ಸಂಬಳ ಕೊಡೋ ಕಂಪನಿಯ ಮಷೀನೇ ಮನೇಲಿರೋದು ಸಹಜ ತಾನೇ, ಅಣ್ಣ ತಮ್ಮ ಮಾವ ಎಲ್ಲರೂ ಅಲ್ಲೇ ಕೆಲಸ ಮಾಡ್ತಿದ್ರೆ ಬೇರೆ ಬ್ರ್ಯಾಂಡ್ ಯಾರು ತರ್ತಾರೆ? ಅದರ ಅಜಿಟೇಟರ್ ಎಡಕ್ಕೆ ಬಲಕ್ಕೆ ತಿರುಗೋದಿಲ್ಲ, ಮೇಲೆ ಕೆಳಗೆ ಕುಣಿಯತ್ತೆ, 1947ರಿಂದ ಬಂದ ವಿನ್ಯಾಸ, ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದು ಗೊತ್ತಾಗಲ್ಲ. ಆದ್ರೆ 1979ರಲ್ಲಿ ಜಿಎಂ ಆ ವಿಭಾಗ ಮಾರಿಬಿಡ್ತು, ಆಮೇಲೆ ಬಂದ ಫ್ರಿಜಿಡೇರ್‌ಗೆ ಹೆಸರು ಮಾತ್ರ ಅದೇ, ಮಷೀನ್ ಬೇರೆ. ಹಳೇದು ಬೇಕು ಅಂದ್ರೆ ಜನರಲ್ ಮೋಟಾರ್ಸ್ ಅನ್ನೋ ಗುರುತು ಇದೆಯಾ ನೋಡಿ. ಅದೇ ಒಹಾಯೋದ ಮ್ಯಾನ್ಸ್‌ಫೀಲ್ಡ್‌ನಲ್ಲಿ ವೆಸ್ಟಿಂಗ್‌ಹೌಸ್, ಕೆಂಟಕಿಯ ಲೂಯಿವಿಲ್‌ನಲ್ಲಿ ಜಿಇ (ಜನರಲ್ ಎಲೆಕ್ಟ್ರಿಕ್), ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಈಸಿ, ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಬೆಂಡಿಕ್ಸ್. 1937ರಲ್ಲಿ ಮೊದಲು ತೋರಿಸಿದ ಬೆಂಡಿಕ್ಸ್ ಫ್ರಂಟ್ ಲೋಡರನ್ನ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಲೇಬೇಕು, ಇಲ್ಲಾಂದ್ರೆ ಸ್ಪಿನ್ ಹೊತ್ತಲ್ಲಿ ನಡ್ಕೊಂಡು ಹೋಗತ್ತೆ. ಕಾಂಕ್ರೀಟ್ ನೆಲದ ಬೇಸ್‌ಮೆಂಟ್ ಇರೋ ಮನೆಗೆ ಸರಿ, ಮರದ ನೆಲದ ಮನೆಗೆ ಕಷ್ಟ.

ಇಲ್ಲಿ ಒಂದು ಮಾತು ಗಮನಿಸಿ, ಇವತ್ತು ಸಿಗೋದನ್ನ ನೋಡಿ ಅವತ್ತು ಮಾರಾಟ ಆಗಿದ್ದು ಇಷ್ಟೇ ಅಂತ ಲೆಕ್ಕ ಹಾಕಬಾರದು. ಅಮೆರಿಕದ ಮಧ್ಯ ಪಶ್ಚಿಮ, ಈಶಾನ್ಯ ಕಡೆ ಮನೆಗಳಿಗೆ ಬೇಸ್‌ಮೆಂಟ್ ಇರತ್ತೆ, ಹೊಸ ಮಷೀನ್ ಬಂದಾಗ ಹಳೇದನ್ನ ಮೆಟ್ಟಿಲು ಹತ್ತಿಸಿ ಹೊರಗೆ ಹಾಕೋಕೆ ಯಾರಿಗೂ ಆಗಲ್ಲ, ಮೂಲೇಲಿ ತಳ್ಳಿ ಬಿಡ್ತಾರೆ, ಐವತ್ತು ವರ್ಷ ಅಲ್ಲೇ ಕೂತಿರತ್ತೆ. ದಕ್ಷಿಣದ ಕಡೆ ಎಷ್ಟೋ ಮನೇಲಿ ಮಷೀನ್ ಇರೋದು ಗ್ಯಾರೇಜಲ್ಲೋ ಹಿಂದಿನ ವರಾಂಡದಲ್ಲೋ, ಸಮುದ್ರದ ಗಾಳಿ ಬೇರೆ, ಎನಾಮಲ್ ಒಂದು ಚೂರು ಎದ್ರೆ ಸಾಕು, ತುಕ್ಕು ತಿಂದು ಹಾಕತ್ತೆ. ಅಂಥ ಕಡೆ ಸ್ಟೇನ್‌ಲೆಸ್ ತೊಟ್ಟಿಯ ಸ್ಪೀಡ್ ಕ್ವೀನ್, ಅಲ್ಯೂಮಿನಿಯಂ ತೊಟ್ಟಿಯ ಮೇಟ್ಯಾಗ್ ಉಳಿದಿರತ್ತೆ, ಜೊತೆಗಿದ್ದ ಹತ್ತು ಬ್ರ್ಯಾಂಡ್ ಗುಜರಿ ಸೇರಿರತ್ತೆ, ನೋಡೋರಿಗೆ ಆ ಎರಡೇ ಜನಪ್ರಿಯ ಇದ್ವು ಅನ್ಸತ್ತೆ.

ಕೆನಡಾ ಕಡೆ ಹುಡುಕೋದಾದ್ರೆ ಇದು ಮುಖ್ಯ. ಒಂಟಾರಿಯೋದ ಫರ್ಗಸ್ ಊರಿನ ಬೀಟಿ ಮಷೀನ್ ಅಲ್ಲಿ ಮನೆಮಾತು, ಅವರೂ ಕೃಷಿ ಸಾಮಾನಿನಿಂದ ಬಂದವರೇ. ಆದ್ರೆ ದಕ್ಷಿಣ ಒಂಟಾರಿಯೋದ ತುಂಬಾ ಭಾಗಕ್ಕೆ ನಯಾಗರಾದಿಂದ 25 ಸೈಕಲ್ (ಅಂದ್ರೆ 25 ಹರ್ಟ್ಜ್) ಕರೆಂಟ್ ಬರ್ತಿತ್ತು, 1949ರಿಂದ ಹತ್ತು ವರ್ಷ ಹಿಡಿದು ಅದನ್ನ 60ಕ್ಕೆ ಬದಲಾಯಿಸಿದ್ರು, ಮನೆಮನೆಯ ಮೋಟಾರನ್ನೂ ಬದಲಿಸಿಕೊಟ್ರು. ಬಳಸದೆ ಮೂಲೇಲಿದ್ದ ಮಷೀನಲ್ಲಿ ಹಳೆ ಮೋಟಾರೇ ಉಳಿದಿರೋ ಸಾಧ್ಯತೆ ಇದೆ. ಮೋಟಾರ್ ಪ್ಲೇಟ್ ಮೇಲೆ 25 ಅಂತಿದ್ರೆ ದಯವಿಟ್ಟು ಪ್ಲಗ್ ಹಾಕಬೇಡಿ, ಮೋಟಾರ್ ಬದಲಾಯಿಸಿ, ಹಳೇದನ್ನ ಜೋಪಾನವಾಗಿ ಎತ್ತಿಡಿ.

ಯುರೋಪಿನ ಮಷೀನ್ ಬಗ್ಗೆನೂ ಒಬ್ಬರು ಕೇಳಿದ್ರು, ಚಿಕ್ಕದಾಗಿ ಹೇಳ್ತೀನಿ. ಬ್ರಿಟನ್‌ನಲ್ಲಿ ಹೂವರ್, ವೇಲ್ಸ್‌ನ ಮರ್ಥರ್ ಟಿಡ್ವಿಲ್ ಕಾರ್ಖಾನೆ 1948ರಲ್ಲಿ ಶುರು, ಅವರ ಟ್ವಿನ್ ಟಬ್ ಅಷ್ಟು ಓಡಿದ್ದು ಅಡುಗೆಮನೆ ಚಿಕ್ಕದು ಅಂತ, ಬೇಕಾದಾಗ ಸಿಂಕ್ ಹತ್ತಿರ ಎಳ್ಕೊಂಡು ಬಂದು ನಲ್ಲಿಗೆ ಪೈಪ್ ಹಾಕಬಹುದಿತ್ತು. ಜರ್ಮನಿಯಲ್ಲಿ ಮೀಲೆ, ಬೆಣ್ಣೆ ಕಡೆಯೋ ಯಂತ್ರ ಮಾಡ್ತಿದ್ದವರು 1901ರಲ್ಲಿ ಅದೇ ತತ್ವದಲ್ಲಿ ಬಟ್ಟೆ ಯಂತ್ರ ಮಾಡಿದ್ರು. ಪೂರ್ವ ಜರ್ಮನಿಯ ಡಬ್ಲ್ಯುಎಂ 66 ಅಂತೂ ಬಟ್ಟೆಗೆ ಮಾತ್ರ ಅಲ್ಲ, ಅದರ ಬಿಸಿನೀರಲ್ಲಿ ಹಣ್ಣಿನ ಬಾಟಲಿ ಇಟ್ಟು ಸಂರಕ್ಷಣೆನೂ ಮಾಡ್ತಿದ್ರು. ಇವೆಲ್ಲಾ 50 ಸೈಕಲ್ ಮಷೀನುಗಳು, 60 ಸೈಕಲ್ ಲೈನಿಗೆ ಹಾಕಿದ್ರೆ ಮೋಟಾರೂ ಟೈಮರೂ ಐದರಲ್ಲಿ ಒಂದು ಪಾಲು ಜೋರಾಗಿ ಓಡತ್ತೆ. ಮೊದಲನೇ ಮಷೀನಾಗಿ ಬೇಡ.

ಹಾಗಾದ್ರೆ ಯಾವುದು ತಗೋಬೇಕು? ನೀವು ಬರೆದಿದ್ದು ನೋಡಿದ್ರೆ ದಿನಾ ಬಟ್ಟೆ ಒಗೆಯೋ ಆಸೆನೂ ಇದೆ, ಅದಕ್ಕೆ ಬೆಲ್ಟ್ ಇರೋ ಕೆನ್‌ಮೋರ್ ಅಥವಾ ವರ್ಲ್‌ಪೂಲ್ ಟಾಪ್ ಲೋಡರ್ ತಗೊಳ್ಳಿ, 1980ರ ದಶಕದ ನಡುವಿನ ತನಕ ಬಂದಿದ್ದು. ಅದರಲ್ಲಿ ಎರಡು ಕಾಯಿಲ್ ಆಕಡೆ ಈಕಡೆ ಆಡ್ತಾ ಇರತ್ತೆ, ಒಂದು ಒಗೆಯೋಕೆ ಒಂದು ಸ್ಪಿನ್‌ಗೆ, ಆಡಿ ಆಡಿ ಅದರ ವೈರ್ ಒಳಗೇ ತುಂಡಾಗಿರತ್ತೆ, ಮಾರೋರು ಗೇರ್‌ಬಾಕ್ಸ್ ಹೋಗಿದೆ ಅಂತ ಕೊಟ್ಟುಬಿಡ್ತಾರೆ, ಮೊದಲು ಆ ವೈರ್ ನೋಡಿ. ಮೇಟ್ಯಾಗ್ ಟಾಪ್ ಲೋಡರ್ ಕೂಡ ಕಲಿಯೋಕೆ ಸುಲಭ, ಮೋಟಾರ್ ಒಂದು ಕಡೆ ತಿರುಗಿದ್ರೆ ಒಗೆಯತ್ತೆ, ಉಲ್ಟಾ ತಿರುಗಿದ್ರೆ ಸ್ಪಿನ್, ಸವೆಯೋದು ಬೆಲ್ಟು ಮತ್ತೆ ತೊಟ್ಟಿ ಕೂತಿರೋ ಡ್ಯಾಂಪರ್ ಪ್ಯಾಡು. ಜಿಇ ಫಿಲ್ಟರ್ ಫ್ಲೋದಲ್ಲಿ ನೀರು ಮೇಲಿನ ತಟ್ಟೆ ಮೂಲಕ ಸುರೀತಾ ಇರೋದು ಕಣ್ಣಿಗೆ ಹಬ್ಬ, ಎರಡನೇ ಮಷೀನಾಗಿ ಇಟ್ಕೊಳ್ಳಿ. ಜಿಎಂ ಕಾಲದ ಫ್ರಿಜಿಡೇರ್, ಬೆಂಡಿಕ್ಸ್, ಈಸಿ ಇವು ಕೈ ಪಳಗಿದ ಮೇಲೆ. ಅವುಗಳಿಗೆ ಆಯಿಲ್ ಸೀಲ್, ರಬ್ಬರ್ ಸಾಮಾನು ಹುಡುಕೋದೇ ದೊಡ್ಡ ಕೆಲಸ.

ನೋಡೋಕೆ ಹೋದಾಗ ಒಂದು ಟಾರ್ಚ್ ತಗೊಂಡು ಹೋಗಿ, ಕೆಳಗೆ ಎಣ್ಣೆ ಕಲೆ ಇದೆಯಾ, ತೊಟ್ಟಿ ಅಂಚಿನಲ್ಲಿ ತುಕ್ಕು ಇದೆಯಾ, ಕೈಯಲ್ಲಿ ತಿರುಗಿಸಿದ್ರೆ ತೊಟ್ಟಿ ಸರಾಗವಾಗಿ ಬರತ್ತಾ ನೋಡಿ. ಗಡಸು ನೀರಿನ ಕಡೆಯ ಮಷೀನಾದ್ರೆ ನೀರು ಬರೋ ವಾಲ್ವ್, ಪಂಪ್ ಸುಣ್ಣ ಕಟ್ಟಿರತ್ತೆ, ಅದನ್ನ ಬಿಚ್ಚದೆ ಓಡಿಸಬೇಡಿ. ವೈರ್ ಮೇಲಿನ ರಬ್ಬರ್ ಬಗ್ಗಿಸಿದ್ರೆ ಬಿರುಕು ಬಿಡ್ತಿದ್ರೆ ಪೂರ್ತಿ ಬದಲಿಸಿ, ಅರ್ಥ್ ಇರೋ ಮೂರು ಪಿನ್ ವೈರ್ ಹಾಕಿ, ನೀರು ಮತ್ತೆ ಕರೆಂಟ್ ಒಟ್ಟಿಗೆ ಇರೋ ಜಾಗ ಅದು. ಸಾಗಿಸೋವಾಗ ನಿಲ್ಲಿಸಿಯೇ ಸಾಗಿಸಿ, ತೊಟ್ಟಿ ಅಲುಗಾಡದ ಹಾಗೆ ಸುತ್ತ ಹಳೆ ಬೆಡ್‌ಶೀಟ್ ತುರುಕಿ. ನಾನು ನನ್ನ ಎರಡನೇ ಮಷೀನನ್ನ ಅವಸರದಲ್ಲಿ ಮಲಗಿಸಿ ತಂದು ಗೇರ್ ಎಣ್ಣೆ ಎಲ್ಲಾ ಬೆಲ್ಟ್ ಮೇಲೆ ಇಳಿದು, ಸರಿ ಮಾಡೋಕೆ ಒಂದು ತಿಂಗಳ ಭಾನುವಾರ ಎಲ್ಲಾ ಹೋಯ್ತು. ರಿಂಗರ್ ತಗೊಂಡ್ರೆ ರೋಲರ್ ಬಿಡಿಸೋ ಪಟ್ಟಿ ಒಂದೇ ಏಟಿಗೆ ಬಿಡತ್ತಾ ಅಂತ ಮೊದಲು ಪರೀಕ್ಷೆ ಮಾಡಿ, ಬಿಡದಿದ್ರೆ ಓಡಿಸಲೇಬೇಡಿ, ಬೆರಳು ಎಳ್ಕೊಂಡ್ರೆ ಕೈ ತನಕ ಹೋಗತ್ತೆ, ಮಕ್ಕಳು ಹತ್ತಿರ ಇರೋವಾಗ ಅಂತೂ ಖಂಡಿತ ಬೇಡ. ಪೆಟ್ರೋಲ್ ಎಂಜಿನ್ ಇರೋದನ್ನ ಹೊರಗೆ ಬಯಲಲ್ಲಿ ಮಾತ್ರ ಸ್ಟಾರ್ಟ್ ಮಾಡಿ, ಹೊಗೆ ಪೈಪ್ ಇದ್ರೂ ಒಳಗೆ ಬೇಡ.

ನೀವು ಹರಾಜಲ್ಲಿ ನೋಡಿದ ಆ ಕೆನ್‌ಮೋರ್‌ನ ನಂಬರ್ ಪ್ಲೇಟ್ ಫೋಟೋ ಹಾಕಿ ಸರ್, 110 ಇದ್ದು ಎಣ್ಣೆ ಸೋರಿಲ್ಲ ಅಂದ್ರೆ ಯೋಚನೆ ಮಾಡದೆ ತಗೊಳ್ಳಿ, ಯಾವ ಬೆಲ್ಟ್ ಬೇಕು ಅಂತ ನಾನು ಹೇಳ್ತೀನಿ.